ಮಿಲ್ ಬೀದಿಯಲ್ಲಿ ಯಾರೂ ಹೊಡೆಯುವುದಿಲ್ಲ

ಹೊನ್ನಕ್ಕನ ಗಂಡ ತಿಪ್ಪೇಶ ಸತ್ತು ಮಣ್ಣಾಗಿ ವರ್ಷಗಳೇ ಕಳೆದಿದ್ದವು. ಆದರೂ ಅವನು ಹೆಂಡತಿಗೆ ಈಗಲೂ ಹೊಡೆಯುತ್ತಿದ್ದಾನೆ ಎಂದು ಪೊಲೀಸರ ಕಂಪ್ಯೂಟರ್ ಹೇಳಿತು. ಕಂಪ್ಯೂಟರ್ ಹೇಳಿದ ಮೇಲೆ ಮುಗಿಯಿತು, ಸತ್ತವನೂ ಎದ್ದು ಬಂದು ಹೊಡೆಯಲೇಬೇಕು.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ರಸ್ತೆಯಲ್ಲಿ ಎಣ್ಣೆ ಮಿಲ್ಲಿನ ಊರು ಅದು. ಮಿಲ್ಲಿನ ಈ ಕಡೆ ಸೌಕಾರರ ಬೀದಿ, ಹಳ್ಳದ ಆ ಕಡೆ ಕಾಲೋನಿ. ಸಂಜೆ ಜನ ಕೂಲಿಯಿಂದ ಬರುವ ಹೊತ್ತಿಗೆ ಸರಿಯಾಗಿ ಜೀಪು ಕಾಲೋನಿಗೆ ಬಂತು. ಮೈಕು ಕಟ್ಟಿಕೊಂಡೇ ಬಂತು. ಹೆಡ್ ಕಾನ್‌ಸ್ಟೇಬಲ್ ಬೊಮ್ಮಲಿಂಗಪ್ಪ ಮೊಬೈಲ್ ನೋಡಿಕೊಂಡು ಒಂದೊಂದೇ ಹೆಸರು ಕೂಗಿದ. ಹೆಸರು ಕೂಗಿದ ಮನೆಯ ಬಾಗಿಲಿಗೆ ಮಹಿಳಾ ಪೊಲೀಸ್ ಕಾಂಚನಾ ಕೆಂಪು ಚೀಟಿ ಅಂಟಿಸುತ್ತಾ ಹೋದಳು. ಚೀಟಿಯ ಮೇಲೆ 'ಸುಖೀ ಸಂಸಾರ ಯೋಜನೆ, ಈ ಮನೆ ಪೊಲೀಸ್ ನಿಗಾದಲ್ಲಿದೆ' ಎಂದು ಅಚ್ಚಾಗಿತ್ತು. ನಡುವೆ ನಗುತ್ತಿರುವ ಗಂಡ ಹೆಂಡತಿಯ ಚಿತ್ರ.

ಹೊನ್ನಕ್ಕ ಮಿಲ್ಲಿನಲ್ಲಿ ಹಗಲೆಲ್ಲ ಹಿಂಡಿ ಮೂಟೆ ಹೊತ್ತು ಬಂದಿದ್ದಳು. ತಲೆಯ ತುಂಬ ಶೇಂಗಾ ಹೊಟ್ಟು, ಕತ್ತು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಮುಖಕ್ಕೆ ನೀರು ಹಾಕಿಕೊಳ್ಳುವಾಗ ಅವಳ ಹೆಸರು ಮೈಕಿನಲ್ಲಿ ಬಂತು.

"ಹೊನ್ನಕ್ಕ ಕೋಂ ತಿಪ್ಪೇಶ. ಯಾರಮ್ಮಾ?"

"ನಾನೇ ಸ್ವಾಮಿ."

"ನಿನ್ನ ಗಂಡ ಹೊಡೀತಾನಂತೆ. ಕರಿ ಅವನ್ನ."

"ಎಲ್ಲಿಂದ ಕರೀಲಿ? ಹಳ್ಳದ ದಂಡೇಲಿ ಹೂತಾಕೀವಿ. ಸನಿಕೆ ಕೊಡ್ತೀನಿ, ನೀವೇ ಕರ್ಕಂಡು ಬರ್ರಿ."

ಕಾಲೋನಿ ಘೊಳ್ಳೆಂದು ನಕ್ಕಿತು. ಬೊಮ್ಮಲಿಂಗಪ್ಪನ ಮುಖ ಕೆಂಪಾಯಿತು. ನಕ್ಕಿದ್ದು ಕಂಪ್ಯೂಟರನ್ನು ನೋಡಿ ಅಲ್ಲ, ತನ್ನನ್ನು ನೋಡಿ ಎಂದೇ ಅವನಿಗೆ ಅನಿಸಿತು.

"ಸತ್ರೇನು? ಹೆಸರು ಐತಲ್ಲ. ಅಂಟಿಸಮ್ಮಾ ಕಾಂಚನಾ."

ಕಾಂಚನಾ ಅಂಟಿಸಿದಳು. ಅವಳು ಹೊನ್ನಕ್ಕನ ಮುಖ ನೋಡಲಿಲ್ಲ.

ಜೀಪಿನಲ್ಲಿ ಇನ್ನೊಬ್ಬ ಹುಡುಗಿ ಕೂತಿದ್ದಳು. ದೀಪಿಕಾ ಅಂತ, ಚಿತ್ರದುರ್ಗದ ಆಫೀಸಿನಿಂದ ಈ ಯೋಜನೆ ನೋಡಿಕೊಳ್ಳಲು ಬಂದವಳು. ಕೆಟ್ಟವಳೇನಲ್ಲ. ಹೊನ್ನಕ್ಕ ಕೇಳಿದ್ದಕ್ಕೆ ಕೆಳಗಿಳಿದು ಬಿಡಿಸಿ ಹೇಳಿದಳು. ಠಾಣೆಯಲ್ಲಿ ವರ್ಷಾನುಗಟ್ಟಲೆ ಬಿದ್ದಿದ್ದ ದೂರುಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿದ್ದಾರೆ. ಅದು ಒಂದೇ ಉಸಿರಿಗೆ ಎಲ್ಲವನ್ನೂ ಓದುತ್ತದೆ. ಕುಡಿದು ಬಂದು, ಹೊಡೆದ, ಜಡೆ ಹಿಡಿದು ಎಳೆದ, ಇಂಥ ಮಾತು ಎಲ್ಲೆಲ್ಲಿ ಬರುತ್ತವೋ ಹುಡುಕುತ್ತದೆ. ಯಾವ ಮನೆಯ ಹೆಣ್ಣಿಗೆ ಮುಂದೆ ಜೀವಕ್ಕೆ ಅಪಾಯ ಎಂದು ಮೊದಲೇ ಹೇಳುತ್ತದೆ. ಕೈಯಲ್ಲಿದ್ದ ಟ್ಯಾಬಿನಲ್ಲಿ ಊರಿನ ನಕ್ಷೆಯನ್ನೂ ತೋರಿಸಿದಳು. ಕಾಲೋನಿ ಪೂರಾ ಕೆಂಪಗಿತ್ತು.

"ಮಿಲ್ ಬೀದಿ ಎಲ್ಲೈತೆ ತಾಯಿ ಇದ್ರಾಗೆ?"

"ಇಲ್ಲಿದೆ ನೋಡಿ ಅಕ್ಕ, ಬಿಳಿ ಇರೋದು. ಅಲ್ಲಿ ಒಂದು ಕೇಸೂ ಇಲ್ಲ."

"ಒಂದೂ ಇಲ್ವಾ?"

"ವರದೀಲಿ ಇಲ್ಲ," ಎಂದಳು ದೀಪಿಕಾ. ಹೇಳುವಾಗ ಅವಳ ದನಿ ಸ್ವಲ್ಪ ಇಳಿಯಿತು. ಬೊಮ್ಮಲಿಂಗಪ್ಪ ಮಾತ್ರ ಇಳಿಸಲಿಲ್ಲ. "ಅಲ್ಲಿರೋರು ಮರ್ಯಾದಸ್ಥರು ಕಣಮ್ಮಾ. ನಿಮ್ಮಂಗೆ ಕುಡಿದು ಬೀದೀಲಿ ಬಡಿದಾಡ್ತಾರಾ?" ಎಂದ. ಚೀಟಿ ಬಿದ್ದ ಮನೆಯ ಗಂಡಸರು ದಿನಾ ಸಂಜೆ ಠಾಣೆಗೆ ಬಂದು ಮುಖ ತೋರಿಸಿ ಹೋಗಬೇಕು ಎಂದು ಮೈಕಿನಲ್ಲಿ ಹೇಳಿ ಜೀಪು ಹತ್ತಿದ.

ಮುಖ ತೋರಿಸುವುದೆಂದರೆ ಠಾಣೆಯ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂರುವುದು. ಹೊಡೆಯುವವನೂ ಕೂತ, ಯಾವತ್ತೂ ಹೊಡೆಯದವನೂ ಕೂತ. ಬೊಮ್ಮಲಿಂಗಪ್ಪ ಊಟ ಮುಗಿಸಿ ಮನಸ್ಸಾದಾಗ ಎದ್ದು ಹೋಗಿ ಅಂದ. ಆಮೇಲೆ ಮನೆಗೆ ಬಂದ ಗಂಡಸರಲ್ಲಿ ಕೆಲವರು ಆ ಸಿಟ್ಟನ್ನು ಹೆಂಡಿರ ಮೈಮೇಲೇ ತೀರಿಸಿಕೊಂಡರು. ಅದನ್ನು ಓದುವ ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ.

ಹೊನ್ನಕ್ಕನಿಗೆ ಸಿಟ್ಟು ಬಂದದ್ದು ಚೀಟಿಗಲ್ಲ. ತಿಪ್ಪೇಶ ಹೊಡೆಯುತ್ತಿದ್ದದ್ದು ನಿಜ. ಕುಡಿದು ಹೊಡೆಯುತ್ತಿದ್ದ, ಕುಡಿಯದೆಯೂ ಹೊಡೆಯುತ್ತಿದ್ದ. ಅವಳು ಠಾಣೆಗೆ ಹೋಗಿ ಹೇಳಿದ್ದಳು. ಆಗ ಇದೇ ಬೊಮ್ಮಲಿಂಗಪ್ಪ ಹಲ್ಲು ಕಿರಿಯುತ್ತಾ ಬರೆದುಕೊಂಡಿದ್ದ. ಕಾಲೋನಿ ಹೆಂಗಸು, ಕುಡುಕ ಗಂಡ, ಪೆನ್ನು ತಾನೇ ತಾನಾಗಿ ಓಡುತ್ತದೆ. ಆದರೆ ಅವನೇ, ಜಂಬುಲಿಂಗಪ್ಪ ಸೌಕಾರರ ಸೊಸೆ ಗಂಗಾಂಬಿಕಾ ತುಟಿ ಊದಿಸಿಕೊಂಡು ಠಾಣೆ ಮೆಟ್ಟಿಲು ಹತ್ತಿದ ದಿನ ಪೆನ್ನನ್ನು ಜೇಬಿನಿಂದ ತೆಗೆಯಲೇ ಇಲ್ಲ. "ನಿಮ್ಮಂಥೋರು ಬರೋ ಜಾಗಾನಾ ತಂಗಿ ಇದು?" ಎಂದು ಜೀಪಿನಲ್ಲೇ ಮನೆಗೆ ಬಿಟ್ಟು ಬಂದ. ಬಿಟ್ಟು, ನಡುಮನೆಯಲ್ಲಿ ಕೂತು ಕಾಫಿ ಕುಡಿದು ಬಂದ. ಆ ರಾತ್ರಿ ಅವಳ ಗಂಡ ಮಹಾಂತೇಶ ಏನು ಮಾಡಿದ ಎನ್ನುವುದನ್ನು ಹೊನ್ನಕ್ಕ ಮರುದಿನ ಅವಳ ಬೆನ್ನಿನ ಮೇಲೆ ನೋಡಿದ್ದಳು. ಅರಿಶಿನ ಹಚ್ಚಿದವಳೂ ಇವಳೇ.

ಸೌಕಾರರ ಎಣ್ಣೆ ಮಿಲ್ಲಿಗೆ ಹೋಗುವ ಮುಂಚೆ ದಿನಾ ಬೆಳಿಗ್ಗೆ ಅವರ ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕುವುದು ಹೊನ್ನಕ್ಕನ ಕೆಲಸ. ಹಿತ್ತಲಿನಿಂದಾಚೆಗೆ ಅವಳು ಕಾಲಿಡುವಂತಿಲ್ಲ. ಚೀಟಿ ಅಂಟಿಸಿದ ಮರುದಿನ ಅವಳು ಬೂದಿ ಹಾಕಿ ತಪ್ಪಲೆ ತಿಕ್ಕುತ್ತಾ ಸತ್ತ ಗಂಡನ ಕಥೆಯನ್ನು ಗಂಗಾಂಬಿಕಾಗೆ ಹೇಳಿದಳು. ಗಂಗಾಂಬಿಕಾ ಬಿ.ಜಿ. ಕೆರೆಯ ಮಗಳು, ಬಿ.ಕಾಂ. ಓದಿದವಳು. ಬಾಗಿಲ ಹೊಸ್ತಿಲಲ್ಲಿ ಕೂತು ಕೇಳಿದಳು. ಕೇಳುತ್ತಾ ಕೇಳುತ್ತಾ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ಆ ಮನೆಯಲ್ಲಿ ಅವಳು ನಕ್ಕಿದ್ದನ್ನು ಹೊನ್ನಕ್ಕ ಅದುವರೆಗೆ ನೋಡಿರಲಿಲ್ಲ.

"ನಮಗೂ ಒಂದು ಚೀಟಿ ತಗಂಬಾ ಹೊನ್ನಕ್ಕ. ಮುಂಬಾಗಿಲಿಗೆ ಅಂಟಿಸ್ತೀನಿ. ತೇಗದ ಬಾಗಿಲು, ಚೆಂದ ಕಾಣ್ತೈತೆ."

ಅವಳ ಬೆನ್ನ ಹಿಂದೆ ಮಹಾಂತೇಶ ನಿಂತಿದ್ದ. ಹಲ್ಲುಜ್ಜಲು ಬಂದವನು.

ಅವನು ಬಾಗಿಲ ಪಕ್ಕ ಒರಗಿಸಿದ್ದ ಮರದ ಅಗುಳಿಯನ್ನು ಎತ್ತಿಕೊಂಡ. ಗಂಗಾಂಬಿಕಾ ಬಲಗೈ ಅಡ್ಡ ಹಿಡಿದಳು. ಮೊದಲ ಏಟು ಕೈಗೆ ಬಿತ್ತು. ಎರಡನೆಯದು ದವಡೆಗೆ. ಮೂಳೆ ಮುರಿದ ಸದ್ದು ಹೊನ್ನಕ್ಕನಿಗೆ ಕೇಳಿಸಿತು. ಬೂದಿಗೈಯಲ್ಲೇ ಓಡಿ ಹೋಗಿ ಅವನ ಸೊಂಟ ಹಿಡಿದು ಹಿಂದಕ್ಕೆಳೆದಳು. ಅವನು ಒದ್ದ. ಅವಳು ಪಾತ್ರೆಗಳ ಮೇಲೆ ಬಿದ್ದಳು. ಗದ್ದಲ ಕೇಳಿ ಅತ್ತೆ ಕಮಲಾಕ್ಷಮ್ಮ ಹೊರಗೆ ಬಂದಳು. ಬಂದವಳು ಮೊದಲು ಬೀದಿ ಕಡೆಯ ಹಿತ್ತಲ ಗೇಟು ಹಾಕಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

ಚಳ್ಳಕೆರೆಯ ಆಸ್ಪತ್ರೆಯಲ್ಲಿ ದವಡೆಗೆ ತಂತಿ ಬಿಗಿದರು, ಬಲಗೈಗೆ ಪ್ಲಾಸ್ಟರ್ ಹಾಕಿದರು. ಸ್ನಾನದ ಮನೆಯಲ್ಲಿ ಜಾರಿ ಬಿದ್ದಳು ಎಂದು ಮನೆಯವರು ಹೇಳಿದರು. ಡಾಕ್ಟರು ಕೇಳಿಸಿಕೊಂಡು ಸುಮ್ಮನಿರಲಿಲ್ಲ, ಗಾಯ ನೋಡಿ ಠಾಣೆಗೆ ವರದಿ ಕಳಿಸಿದರು. ವರದಿ ಬಂದ ಮೇಲೆ ಪೊಲೀಸರು ಹೇಳಿಕೆ ಬರೆದುಕೊಳ್ಳಲೇಬೇಕು. ಪೆಟ್ಟು ತಿಂದವಳಿಗೆ ಮಾತಾಡಲು ಬಾಯಿಲ್ಲ, ಬರೆಯಲು ಕೈಯಿಲ್ಲ. ಕಣ್ಣಾರೆ ಕಂಡವಳು ಹಿತ್ತಲಲ್ಲಿದ್ದ ಹೊನ್ನಕ್ಕ ಒಬ್ಬಳೇ. ಹೊನ್ನಕ್ಕ ಏನು ಹೇಳುತ್ತಾಳೋ ಅದೇ ಗಂಗಾಂಬಿಕಾಳ ಹಣೆಬರಹ. ಜಾರಿ ಬಿದ್ದಳು ಎಂದರೆ ಅವಳು ಇದೇ ಮನೆಯಲ್ಲಿ, ಇದೇ ಗಂಡನ ಕೈಯಲ್ಲಿ ಮುಂದಿನ ಸಲಕ್ಕೆ ಕಾಯಬೇಕು. ಮುಂದಿನ ಸಲ ಉಳಿಯುತ್ತಾಳೆಂದು ಹೊನ್ನಕ್ಕನಿಗೆ ನಂಬಿಕೆ ಇರಲಿಲ್ಲ.

ಗಂಗಾಂಬಿಕಾಳನ್ನು ಮನೆಗೆ ಕರೆತಂದ ಮೇಲೆ ಒಂದು ಬೆಳಿಗ್ಗೆ ಮಿಲ್ಲಿಗೆ ಆಳೊಬ್ಬ ಬಂದ. ಸೌಕಾರರು ಕರೆಯುತ್ತಾರೆ ಎಂದ. ಹೊನ್ನಕ್ಕ ಹೊತ್ತ ಮೂಟೆ ಇಳಿಸಿ ಹೋದಳು. ಹಿತ್ತಲ ಕಡೆ ನಡೆದವಳನ್ನು ಕಮಲಾಕ್ಷಮ್ಮನೇ ತಡೆದಳು.

"ಈ ಕಡೆ ಬಾ ಹೊನ್ನಕ್ಕ. ನಡುಮನೇಗೆ ಬಾ."

ಹದಿಹರೆಯದಲ್ಲಿ ಕೆಲಸಕ್ಕೆ ಸೇರಿದವಳು ಆ ಮನೆಯ ನಡುಮನೆಯನ್ನು ಅವತ್ತೇ ಮೊದಲ ಸಲ ನೋಡಿದಳು. ಗೋಡೆಯ ತುಂಬ ಹಿರಿಯರ ಫೋಟೋ, ಎಲ್ಲದಕ್ಕೂ ವಿಭೂತಿ. ಸೋಫಾದ ಮೇಲೆ ಬೊಮ್ಮಲಿಂಗಪ್ಪ, ಪಕ್ಕದಲ್ಲಿ ಜಂಬುಲಿಂಗಪ್ಪ ಸೌಕಾರರು, ಎದುರಿಗೆ ಮಹಾಂತೇಶ. ಹೆಂಗಸಿನ ಹೇಳಿಕೆಯನ್ನು ಹೆಂಗಸೇ ಬರೆಯಬೇಕೆಂದು ಕಾಂಚನಾಳನ್ನು ಕರೆತಂದಿದ್ದರು. ಅವಳು ಮೂಲೆಯ ಕುರ್ಚಿಯಲ್ಲಿ ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಕೂತಿದ್ದಳು. ಹೊನ್ನಕ್ಕ ನೆಲದ ಮೇಲೆ ಕೂತಳು. ಕಮಲಾಕ್ಷಮ್ಮ ಕಾಫಿ ತಂದು ಮುಂದಿಟ್ಟಳು. ಹಿತ್ತಲ ಗೂಡಿನಲ್ಲಿ ಅವಳಿಗೆಂದೇ ಇಟ್ಟಿದ್ದ ಗಾಜಿನ ಲೋಟದಲ್ಲಲ್ಲ, ಮನೆಯ ಬೆಳ್ಳಿ ಲೋಟದಲ್ಲಿ.

ಹೊನ್ನಕ್ಕ ಲೋಟ ನೋಡಿದಳು. ಇಷ್ಟು ವರ್ಷ ಇದನ್ನು ತಿಕ್ಕಿದ್ದೇನೆ, ಇದರಲ್ಲಿ ಕುಡಿಯಲು ಒಂದು ಹೆಣ್ಣಿನ ದವಡೆ ಮುರಿಯಬೇಕಾಯಿತಲ್ಲ ಎಂದುಕೊಂಡಳು. ಕಾಫಿ ಮುಟ್ಟಲಿಲ್ಲ.

"ಬರಕೋ ಕಾಂಚನಾ," ಎಂದ ಬೊಮ್ಮಲಿಂಗಪ್ಪ. "ಹೊನ್ನಕ್ಕ ಆದ ನಾನು ಈ ಮೂಲಕ ನೀಡುವ ಹೇಳಿಕೆ ಏನೆಂದರೆ, ನಾನು ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿರುವಾಗ್ಗೆ ಗಂಗಾಂಬಿಕಾರವರು ಸ್ನಾನದ ಮನೆಯಲ್ಲಿ ಸೋಪಿನ ನೀರಿಗೆ ಆಕಸ್ಮಿಕವಾಗಿ ಕಾಲು ಜಾರಿ ಬಿದ್ದು ಗಾಯಗೊಂಡಿದ್ದು, ಈ ಬಗ್ಗೆ ಯಾರ ಮೇಲೂ ಯಾವುದೇ ಅನುಮಾನ ಇರುವುದಿಲ್ಲ."

ಕಾಂಚನಾ ಬರೆದಳು. ಇಂಥದ್ದನ್ನು ಎಷ್ಟು ಸಲ ಬರೆದಿದ್ದಳೋ, ಅವನು ಹೇಳಿ ಮುಗಿಸುವ ಮೊದಲೇ ಅವಳ ಪೆನ್ನು ಬರೆದು ಮುಗಿಸಿತ್ತು.

"ನಾನಿನ್ನೂ ಬಾಯೇ ಬಿಟ್ಟಿಲ್ಲ ಸ್ವಾಮಿ," ಎಂದಳು ಹೊನ್ನಕ್ಕ.

"ನೀನೇನು ಬಾಯಿ ಬಿಡೋದು. ಹೆಬ್ಬೆಟ್ಟು ಒತ್ತು ಸಾಕು."

"ಒತ್ತಲ್ಲ."

ಜಂಬುಲಿಂಗಪ್ಪ ಗಂಟಲು ಸರಿಮಾಡಿಕೊಂಡರು. ದೊಡ್ಡ ಮನುಷ್ಯರು. ಯಾವತ್ತೂ ದನಿ ಎತ್ತಿದವರಲ್ಲ. ಎತ್ತುವ ಕೆಲಸಕ್ಕೆ ಬೇರೆಯವರಿದ್ದರು.

"ನೋಡು ಹೊನ್ನಕ್ಕ. ನಿಮ್ಮವ್ವ ಈ ಮನೇಲಿ ದುಡಿದ್ಲು, ನೀನು ದುಡೀತಾ ಇದೀಯ. ಮಿಲ್ಲಿನಾಗೆ ನಿಮ್ಮ ಕಾಲೋನಿಯೋರು ಎಷ್ಟು ಜನ ಅದಾರೆ? ಎಲ್ಲಾರೂ ನಮ್ಮೋರೇ ಅಂತ ಇಟ್ಕಂಡೀನಿ. ಮನೆ ಅಂದ್ಮೇಲೆ ಒಂದು ಮಾತು ಬರ್ತೈತೆ, ಹೋಗ್ತೈತೆ. ಅದನ್ನ ಬೀದಿಗೆ ಹಾಕಬಾರದು."

"ಮಾತಲ್ಲ ಸೌಕಾರ್ರೆ, ಅಗುಳಿ."

ಮಹಾಂತೇಶ ಎದ್ದ. ಅಪ್ಪ ಕಣ್ಣಲ್ಲೇ ಕೂರಿಸಿದರು.

ಬೊಮ್ಮಲಿಂಗಪ್ಪ ಮುಂದಕ್ಕೆ ಬಾಗಿದ. ದನಿ ತಗ್ಗಿಸಿ ಹೇಳಿದ. ಹೆಬ್ಬೆಟ್ಟು ಒತ್ತಿದರೆ ನಾಳೆಯಿಂದ ಕಾಲೋನಿಯ ಗಂಡಸರು ಯಾರೂ ಠಾಣೆಗೆ ಬರುವುದು ಬೇಡ, ಒಂದು ಮಾತು ಹೇಳಿ ಎಲ್ಲ ಮನೆಯ ಚೀಟಿ ಕೀಳಿಸುತ್ತೇನೆ. ಒತ್ತದಿದ್ದರೆ ಇವತ್ತಿನಿಂದ ಅವರು ಬೆಳಗಿನ ತನಕ ಅಂಗಳದಲ್ಲೇ ಕೂರುತ್ತಾರೆ. ಯಾರಿಂದ ಹೀಗಾಯಿತು ಎಂದು ಅವರಿಗೆ ನಾನೇ ತಿಳಿಸುತ್ತೇನೆ.

ಹೊನ್ನಕ್ಕನಿಗೆ ಹೆದರಿಕೆಯಾಯಿತು. ಆಗದೆ ಇರಲು ಅವಳೇನು ಕಲ್ಲಲ್ಲ. ಅಂಗಳದಲ್ಲಿ ಕಾಲು ಜೋಮು ಹಿಡಿದು ಕೂತವರು ಕಣ್ಣ ಮುಂದೆ ಬಂದರು. ಅವರಲ್ಲಿ ಅವಳ ಅಣ್ಣನಿದ್ದ, ಭಾವನಿದ್ದ. ನಾಳೆ ಇವರೇ ಬಂದು ಸೌಕಾರರ ಸೊಸೆ ನಿನಗೇನಾಗಬೇಕು ಎಂದು ಕೇಳುತ್ತಾರೆ. ಕೆಲಸ ಹೋಗುತ್ತದೆ, ಊರಲ್ಲಿ ಇನ್ನೊಬ್ಬರು ಕರೆಯುವುದಿಲ್ಲ. ಇದೆಲ್ಲ ಅವಳಿಗೆ ಗೊತ್ತಿತ್ತು. ಬೊಮ್ಮಲಿಂಗಪ್ಪನಿಗೂ ಗೊತ್ತಿತ್ತು. ಅವಳು ಸುಮ್ಮನಾದದ್ದನ್ನೇ ಒಪ್ಪಿಗೆ ಎಂದುಕೊಂಡು ಶಾಯಿಯ ಡಬ್ಬಿ ತೆರೆದು ಅವಳ ಮಣಿಕಟ್ಟು ಹಿಡಿದ.

ಹೊನ್ನಕ್ಕ ಮುಷ್ಟಿ ಬಿಗಿದಳು.

ಅವನು ಎಳೆದ. ಮುಷ್ಟಿ ಬಿಚ್ಚಲಿಲ್ಲ. ಎರಡೂ ಕೈ ಹಾಕಿ ಹೆಬ್ಬೆರಳನ್ನು ಮೀಟಿ ತೆಗೆಯಲು ನೋಡಿದ. ಜೀವಮಾನವಿಡೀ ಮೂಟೆಯ ಕಿವಿ ಹಿಡಿದು ಎತ್ತಿದ ಕೈ ಅದು. ಹೆಡ್ ಕಾನ್‌ಸ್ಟೇಬಲ್ ಬೆವೆತ. ಶಾಯಿಯ ಡಬ್ಬಿ ಉರುಳಿ ಸೌಕಾರರ ಬಿಳಿ ನೆಲಹಾಸಿನ ಮೇಲೆ ಬಿತ್ತು.

"ಬಿಡ್ರಿ ಸಾರ್," ಎಂದಳು ಕಾಂಚನಾ. ಅಷ್ಟು ಹೊತ್ತಿಗೆ ಅವಳು ಆಡಿದ ಮೊದಲ ಮಾತು. "ಕೈ ಬಿಡ್ರಿ ಆಯಮ್ಮಂದು."

ಅವನು ಬಿಟ್ಟ. ಹೊನ್ನಕ್ಕ ಎದ್ದು ನಿಂತಳು. ಹೇಳಬೇಕಾದ್ದನ್ನು ಕೂತು ಹೇಳಲು ಅವಳಿಗೆ ಆಗಲಿಲ್ಲ.

"ಹೊಡೆದ. ಇಗಾ ಇಲ್ಲಿ ಕೂತವ್ನಲ್ಲ, ಇವನೇ ಹೊಡೆದ. ಹಿತ್ತಲ ಬಾಗ್ಲು ಅಗುಳಿ ತಗಂಡು ಹೊಡೆದ. ಕೈ ಅಡ್ಡ ಕೊಟ್ಟಿದ್ದಕ್ಕೆ ಕೈಗೆ ಹೊಡೆದ, ಆಮ್ಯಾಲೆ ಮುಖಕ್ಕೆ ಹೊಡೆದ. ಬಿಡಿಸಕ್ಕೆ ಹೋದ್ರೆ ನನ್ನ ಒದ್ದ. ಅಮ್ಮಾರು ಬಂದು ಗೇಟು ಹಾಕಿದ್ರು. ಜಾರಿ ಬಿದ್ದಿದ್ದು ಯಾರೂ ಇಲ್ಲ. ಈ ಮನೇಲಿ ಯಾರೂ ಯಾವತ್ತೂ ಜಾರಿ ಬಿದ್ದಿಲ್ಲ. ಹೋದ ದೀಪಾವಳೀಲೂ ಬಿದ್ದಿಲ್ಲ, ತುಟಿ ಊದಿದಾಗಲೂ ಬಿದ್ದಿಲ್ಲ."

"ಸಾಕು ಮುಚ್ಚೇ, ಕುಡುಕನ ಹೆಂಡ್ತಿ," ಎಂದು ಬೊಮ್ಮಲಿಂಗಪ್ಪ ಕೂಗಿದ. "ನಿನ್ನ ಮಾತು ಯಾವನು ನಂಬ್ತಾನೆ?"

"ನನ್ನ ಗಂಡ ಹೊಡೆದಾಗ ನಂಬಿದ್ರಲ್ಲ ಸ್ವಾಮಿ. ಬಾಯಿ ತೆಗೆಯೋ ಮುಂಚೆ ನಂಬಿದ್ರಿ. ಅದೇ ಬಾಯಿ ಇದು."

ಮಹಾಂತೇಶ ಈ ಸಲ ಅಪ್ಪನ ಕಣ್ಣಿಗೂ ನಿಲ್ಲಲಿಲ್ಲ. ಎದ್ದು ಕೈ ಎತ್ತಿಕೊಂಡು ಬಂದ. ಬಂದವನು ನಡುವೆಯೇ ನಿಂತ.

ಕೋಣೆಯ ಬಾಗಿಲಲ್ಲಿ ಗಂಗಾಂಬಿಕಾ ನಿಂತಿದ್ದಳು. ಗೋಡೆ ಹಿಡಿದುಕೊಂಡು ಎದ್ದು ಬಂದಿದ್ದಳು. ಅರ್ಧ ಮುಖ ಬಟ್ಟೆಯಲ್ಲಿ ಸುತ್ತಿತ್ತು. ಕಣ್ಣಿನ ಕೆಳಗೆ ಬದನೆಕಾಯಿ ಬಣ್ಣ. ಮಾತಾಡಲು ಹೋದಳು, ತಂತಿ ಬಿಗಿದ ದವಡೆಯಿಂದ ಬರೀ ಉಸಿರು ಬಂತು.

"ಒಳಗೆ ನಡಿ ಗಂಗಾ," ಎಂದಳು ಕಮಲಾಕ್ಷಮ್ಮ. "ನಿಮ್ಮಪ್ಪನ್ನ ಕರೆಸ್ತೀವಿ, ಕೂತು ಮಾತಾಡಾಣ. ನಾವೂ ಇಂಥದ್ದೆಲ್ಲ ನುಂಗ್ಕಂಡೇ ಬಂದಿದ್ದು."

ಗಂಗಾಂಬಿಕಾ ಅತ್ತೆಯನ್ನು ದಾಟಿ ನಡೆದಳು. ಗಂಡನನ್ನೂ ದಾಟಿದಳು. ಕಾಂಚನಾಳ ಮುಂದೆ ಬಂದು ರಟ್ಟಿನ ಮೇಲಿದ್ದ ಹಾಳೆಯನ್ನು ಎಡಗೈಯಲ್ಲಿ ಕಿತ್ತು ಮುದುರಿದಳು. ಆಮೇಲೆ ಹೊನ್ನಕ್ಕನ ಪಕ್ಕದಲ್ಲಿ ಬಂದು ನಿಂತಳು. ನಿಲ್ಲಲಾಗದೆ ಅವಳ ಭುಜ ಹಿಡಿದುಕೊಂಡಳು.

ಕಾಂಚನಾ ಹೊಸ ಹಾಳೆ ತೆಗೆದಳು.

"ಏಯ್ ಕಾಂಚನಾ, ಏನು ಮಾಡ್ತಾ ಇದೀಯ?"

"ಹೇಳಿಕೆ ಬರೀತಾ ಇದೀನಿ ಸಾರ್. ಅದಕ್ಕೇ ಅಲ್ವಾ ನೀವು ಕರಕಂಬಂದಿದ್ದು?"

"ನಾಳೆ ನಿನ್ನ ಎಲ್ಲಿಗೆ ಎತ್ತಿ ಹಾಕಿಸ್ತೀನಿ ನೋಡ್ತಿರು."

"ಹಾಕಿಸ್ರಿ. ಎಷ್ಟು ವರ್ಷ ಸಾರ್ ನಾನು ಹೆಂಗಸರನ್ನ ಬಚ್ಚಲಲ್ಲಿ ಜಾರಿಸೋದು? ನನಗೂ ಬ್ಯಾಸರ ಆಗೈತೆ." ಅವಳು ಹೊಸ ಹಾಳೆಯನ್ನು ರಟ್ಟಿಗೆ ಸಿಕ್ಕಿಸಿದಳು. "ಹೇಳಕ್ಕ, ಮೊದಲಿಂದ ಹೇಳು."

ಹೊನ್ನಕ್ಕ ಮೊದಲಿಂದ ಹೇಳಿದಳು. ಕಾಂಚನಾ ಬರೆದಳು. ಪ್ರತಿ ಮಾತಿಗೂ ಗಂಗಾಂಬಿಕಾ ಹೌದೆಂದು ತಲೆಯಾಡಿಸಿದಳು. ತಲೆಯಾಡಿಸಿದಾಗೆಲ್ಲ ನೋವಿಗೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಆಡಿಸಿದಳು. ಸೌಕಾರರು ಫೋನು ತೆಗೆದು ಯಾರಿಗೋ ಮಾಡಿದರು, ಅತ್ತ ಕಡೆಯವರು ಎತ್ತಲಿಲ್ಲ. ಬೀದಿಯಲ್ಲಿ ಆಗಲೇ ಜನ ನಿಂತಿದ್ದರು. ಮಿಲ್ ಬೀದಿಯ ಹೆಂಗಸರು ತಮ್ಮ ತಮ್ಮ ಕಿಟಕಿಯ ಪರದೆ ಸರಿಸಿದ್ದರು.

"ಬರೆದಾದ ಮೇಲೆ ಓದಿ ಹೇಳಬೇಕು," ಎಂದಳು ಕಾಂಚನಾ. "ಸರಿ ಇದ್ರೆ ಹೆಬ್ಬೆಟ್ಟು ಒತ್ತು."

"ಗಟ್ಟಿಯಾಗಿ ಓದು ತಾಯಿ."

ಕಾಂಚನಾ ಗಟ್ಟಿಯಾಗಿ ಓದಿದಳು. "ಗಂಗಾಂಬಿಕಾರವರಿಗೆ ಗಂಡನಾದ ಮಹಾಂತೇಶ ಎಂಬುವವನು ಹಿತ್ತಲ ಬಾಗಿಲಿನ ಅಗುಳಿಯಿಂದ ಹೊಡೆದನು." ಆ ಮನೆಯಲ್ಲಿ ಅಷ್ಟೂ ವರ್ಷ ಬಿದ್ದ ಏಟುಗಳಿಗೆ ಯಾರೂ ಹೊಡೆತ ಎಂದು ಹೆಸರಿಟ್ಟು ಕರೆದಿರಲಿಲ್ಲ. ಮಹಾಂತೇಶ ನೆಲ ನೋಡುತ್ತಾ ಕೂತ. ಮಗನಿಗೆ ಮರ್ಯಾದೆ ಇದೆ ಎಂದು ಇನ್ನೂ ನಂಬಿದ್ದ ಕಮಲಾಕ್ಷಮ್ಮ ಕಿಟಕಿ ಮುಚ್ಚಲು ಓಡಿದಳು.

ನೆಲಹಾಸಿನ ಮೇಲೆ ಚೆಲ್ಲಿದ್ದ ಶಾಯಿಗೇ ಹೊನ್ನಕ್ಕ ಬಗ್ಗಿ ಬೆರಳು ಒತ್ತಿದಳು. ಹಾಳೆಯ ಮೇಲೆ ಹೆಬ್ಬೆಟ್ಟು ಮೂಡಿತು. ಬಿ.ಕಾಂ. ಓದಿದ ಗಂಗಾಂಬಿಕಾ ಎಡಗೈ ಹೆಬ್ಬೆರಳನ್ನು ಅದೇ ಶಾಯಿಗೆ ತಾಗಿಸಿ ಅದರ ಪಕ್ಕದಲ್ಲೇ ಒತ್ತಿದಳು.

"ಸಂಜೆ ಐತೆ ನಿಮ್ಮ ಕಾಲೋನಿಗೆ," ಎಂದ ಬೊಮ್ಮಲಿಂಗಪ್ಪ. "ಕೊಡಿಲ್ಲಿ ಅದನ್ನ. ನಾನು ಠಾಣೆಗೆ ಮುಟ್ಟಿಸ್ತೀನಿ."

ಅವನು ಹಾಳೆಗೆ ಕೈ ಚಾಚಿದ. ಹೊನ್ನಕ್ಕ ಅಡ್ಡ ನಿಂತಳು.

"ಕಾಂಚನವ್ವನ ಕೈಯಾಗೇ ಇರ್ಲಿ ಅದು. ನಾವು ಮೂರೂ ಜನ ಠಾಣೆಗೆ ಬರ್ತೀವಿ," ಎಂದಳು. "ನೀನು ಮುಟ್ಟಬ್ಯಾಡ."